ನನ್ನ ಅಂಗಿಯ ಗುಂಡಿ

ಕಳೆದ ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ, ಕೊಟ್ಟೂರಿನ ನಮ್ಮ ಮನೆಯಲ್ಲಿ, ನನ್ನ ಅಂಗಿಯ ಗುಂಡಿಗಳನ್ನು ನನ್ನ ಅಕ್ಕ ಹಾಕಿದಳು. ಘಟನೆ ಇಷ್ಟೇ. ಸಿಟ್ಟು ಇನ್ನೂ ಇಳಿದಿಲ್ಲ.

ಲಕ್ವ ಹೊಡೆದು ನನ್ನ ಬಲಗೈ ಸೋತಿದೆ. ಇದನ್ನು ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ಬಾಯಿಗೆ ಏನೂ ಆಗಿಲ್ಲ. ಆದರೆ ನೋಡಲು ಬಂದವರನ್ನು ನಂಬಿಸುವುದು ಕಷ್ಟ. ಬಾಳೆಹಣ್ಣು, ಬನ್ನು ಹಿಡಿದು ಬರುತ್ತಾರೆ, ನನ್ನ ಮಂಚದ ಮೇಲೇ ಕೂರುತ್ತಾರೆ, ನನ್ನ ತಲೆಯ ಮೇಲಿಂದ ಹೆಂಡತಿಯನ್ನು ಕೇಳುತ್ತಾರೆ: “ಉಣ್ತಾರೇನ್ರಿ? ಹೊರಕಡಿಗೆ ಸರಿ ಆಗ್ತೈತೇನ್ರಿ?” ಪತ್ರಿಕೆಯಲ್ಲಿದ್ದಷ್ಟು ಕಾಲ ಸಂಬಂಧಪಟ್ಟವರನ್ನು ಕೇಳದೆ ನಾನು ಒಂದು ಸಾಲು ಬರೆದವನಲ್ಲ. ಈಗ ನನ್ನ ಹೊಟ್ಟೆಯ ವರದಿ ನನ್ನನ್ನು ಕೇಳದೆಯೇ ಓಣಿಯಲ್ಲಿ ಪ್ರಕಟವಾಗುತ್ತಿದೆ.

ಸುಜಾತಾ ಮಾತ್ರ ನನ್ನನ್ನೇ ಕೇಳುತ್ತಾಳೆ. ಮನೆಗೆ ಬಂದು ನನ್ನಂಥವರನ್ನು ನೋಡಿಕೊಳ್ಳುವುದು ಅವಳ ಉದ್ಯೋಗ. ತರಬೇತಿ ಪಡೆದವಳು, ಕೂಡ್ಲಿಗಿಯಿಂದ ಬಸ್ಸಿನಲ್ಲಿ ಬರುತ್ತಾಳೆ. ಸ್ನಾನಕ್ಕೆ ಕೈ ಕೊಡುತ್ತಾಳೆ. ಅಂಗಿಯ ಹೊತ್ತಿಗೆ ಮಾತ್ರ, ಗುಂಡಿ ನಾನೇ ಹಾಕಿಕೊಳ್ಳಲೆಂದು, ಕೈ ಹಿಂದೆ ಕಟ್ಟಿ ನಿಲ್ಲುತ್ತಾಳೆ. ಆಮೇಲೆ ತಟ್ಟೆಯ ಮಂಡಕ್ಕಿಯನ್ನು ಒಂದೊಂದೇ ಕಾಳು ಬಲಗೈಯಲ್ಲಿ ಎತ್ತಿ ತಿನ್ನಬೇಕು. ಬಾಯಿಗಿಂತ ನೆಲಕ್ಕೆ ಸಿಗುವುದೇ ಹೆಚ್ಚು.

“ಪೇಪರ್‌ನ್ಯಾಗ ಊರಿಗೆಲ್ಲಾ ಬುದ್ಧಿ ಹೇಳಿದ ಬೆರಳು, ನಿಮ್ಮ ಮಾತೇ ಕೇಳವಲ್ವು ನೋಡ್ರಿ ಸರ,” ಎನ್ನುತ್ತಾಳೆ.

ಗುಂಡಿ ನಮ್ಮ ಕಡೆ ಬಹಳ ಹಳೆಯದೇನಲ್ಲ. ನಮ್ಮಜ್ಜ ಕಸೆ ಅಂಗಿ ತೊಡುತ್ತಿದ್ದ. ಲಾಡಿ ಎಳೆದು ಗಂಟು ಹಾಕಿದರೆ ಮುಗಿಯಿತು. ಅದಕ್ಕೂ ಎರಡು ಕೈ ಬೇಕು. ಬಟ್ಟೆ ಹೊಲಿದವರು ಯಾವ ಕಾಲದಲ್ಲೂ ನನ್ನಂಥವರನ್ನು ನೆನೆದಂತಿಲ್ಲ. ಬನಿಯನ್ ಹಾಕಿಕೊಂಡಿರು ಎಂದು ಸಲಹೆ ಕೊಡುವವರಿದ್ದಾರೆ. ಆದರೆ ದುಡಿಸದ ಕೈ ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆ ಕೈಯಿಂದ ನಾನು ಮತ್ತೆ ಬರೆಯಬೇಕು.

ಆ ಸೋಮವಾರ ಇಟ್ಟಿಗಿಯಿಂದ ಬಂದ ಅಕ್ಕ ಬಾಗಿಲಲ್ಲೇ ನಿಂತಳು. ನಾನು ಗುಂಡಿಯೊಂದಿಗೆ ಬೆವರುತ್ತಿದ್ದೆ. ನೆಲದ ತುಂಬ ಹಿಂದಿನ ದಿನದ ಮಂಡಕ್ಕಿ.

“ಏನವಾ, ಪಗಾರ ತಗೊಂಡು ನಿಂತು ನೋಡ್ತೀಯಲ್ಲ? ನನ್ನ ತಮ್ಮಗ ಕೋಳಿಗೆ ಹಾಕಿದಂಗ ಹಾಕೀರಿ.”

“ನಿಂದ್ರೋದಕ್ಕ ಪಗಾರ ಕೊಡ್ತಾರಮ್ಮ. ಗುಂಡಿ ಹಾಕಾಕ ಪಗಾರ ಇಲ್ದ ನೀವೂ ಬರ್ತೀರಲ್ಲ.”

ಅಕ್ಕ ಬಂದೇಬಿಟ್ಟಳು. ಚಕಚಕನೆ ಎಲ್ಲ ಗುಂಡಿ ಹಾಕಿ, ಉಪ್ಪಿಟ್ಟನ್ನು ಚಮಚದಿಂದ ಬಾಯಿಗಿಟ್ಟಳು. ಸಂಜೆ ನನ್ನ ಹೆಂಡತಿಯಿಂದ ಸುಜಾತಾಗೆ ಫೋನ್ ಮಾಡಿಸಿದಳು: ನಾಳೆಯಿಂದ ಬರುವುದು ಬೇಡ. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಕೈಯನ್ನು ಪ್ರೀತಿಯಿಂದಲೇ ಮುಗಿಸಿಬಿಡುವ ಏರ್ಪಾಡು ಅದು. ಪ್ರೀತಿ ಎಂದ ಮೇಲೆ ಯಾರ ಮೇಲೂ ದೂರು ಕೊಡುವಂತಿಲ್ಲ.

ಮರುದಿನ ಅಂಗಿಯನ್ನು ಹೆಗಲಿಗೇರಿಸಿಕೊಂಡು, ಗುಂಡಿ ಹಾಕದೆ, ಬೀದಿಗಟ್ಟೆಯ ಮೇಲೆ ಕೂತೆ. ಹಾಕಲು ಬಂದವರ ಕೈ ತಳ್ಳಿದೆ. ಸುಜಾತಾ ಬರುವತನಕ ಹೀಗೇ ಎಂದೆ. ಬಾಳೆಹಣ್ಣು ಹಿಡಿದು ನೋಡಲು ಬಂದವರೆಲ್ಲ ಅಲ್ಲೇ ನಿಂತು, ಮೊದಲ ಬಾರಿಗೆ, ನನ್ನನ್ನೇ ಕೇಳಿದರು: “ಯಾಕ್ರಿ ಹಿಂಗ?” ಪ್ರತಿಯೊಬ್ಬರಿಗೂ ವಿವರವಾಗಿ ಹೇಳಿದೆ.

ಗುರುವಾರ ಅಕ್ಕನೇ ಫೋನ್ ಹಿಡಿದಳು. “ಬಾರವಾ ತಾಯಿ. ಇವನ ಎದಿ ಊರೆಲ್ಲಾ ನೋಡಿ ಮುಗೀತು.”

“ಬರ್ತೀನಮ್ಮ. ಆದ್ರ ನಾನು ನಿಂತಾಗ ನೀವು ಕುಂದ್ರಬೇಕು.”

ಇವತ್ತು ಬೆಳಿಗ್ಗೆ ಅಕ್ಕ ಮತ್ತೆ ಬಂದಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ನಾನು ಮುಗಿಸುವವರೆಗೂ ಕುರ್ಚಿಯಲ್ಲಿ ಕೂತಿದ್ದಳು. ಕೊರಳ ಗುಂಡಿಯೊಂದು ಮಾತ್ರ ಇನ್ನೂ ಆಗಿಲ್ಲ.