ಎರಡನೇ ಪಂಕ್ತಿಗೆ ಪರದೆ ಎಳೆದ ಜಲಜಾ

ಶನಿವಾರದ ಬೆಳಗು. ಸಿಂಗಪುರದ ಸೆರಂಗೂನ್‌ನ ಶಾಲೆಯೊಂದರ ಸಭಾಂಗಣದಲ್ಲಿ ಇನ್ನೂ ದೀಪ ಹಾಕಿಲ್ಲ. ವೇದಿಕೆಯ ಪಕ್ಕದ ಮಬ್ಬಿನಲ್ಲಿ ಒಬ್ಬ ಹೆಂಗಸು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲೆ ನಿಂತು, ರಾಟೆಗೆ ಎಣ್ಣೆ ಬಿಡುತ್ತಿದ್ದಾರೆ. ಕೆಳಗಿಳಿದು ಹಗ್ಗ ಜಗ್ಗುತ್ತಾರೆ. ಕೆಂಪು ಪರದೆ ನಡುವೆ ಬಿರಿದು ಎರಡೂ ಬದಿಗೆ ಸರಿಯುತ್ತದೆ. ಎಲ್ಲೋ ಒಂದು ಕಡೆ ಕಿರ್ರೆನ್ನುತ್ತದೆ. ಮತ್ತೆ ಸ್ಟೂಲು, ಮತ್ತೆ ಎಣ್ಣೆ.

"ಇದೂ ಕೈಗೂಸಿನ ಥರಾನೇ. ಹೊಟ್ಟೆಗೆ ಹಾಕಿಬಿಟ್ರೆ ಸುಮ್ನಿರುತ್ತೆ," ಎಂದು ಕೈ ಒರೆಸಿಕೊಳ್ಳುತ್ತಾರೆ.

ಇವರು ಜಲಜಾ. ವಯಸ್ಸು ಅರವತ್ತೊಂದು. ವಾರವೆಲ್ಲ ಬೂನ್ ಲೇಯ ಒಂದು ಶಿಶುವಿಹಾರದಲ್ಲಿ ಅರವತ್ತು ಮಕ್ಕಳಿಗೆ ಅಡುಗೆ ಮಾಡುತ್ತಾರೆ. ಇಲ್ಲಿನ ಕನ್ನಡಿಗರು ನಾಟಕ ಆಡಿದಾಗಲೆಲ್ಲ ಪರದೆ ಎಳೆಯುತ್ತಾರೆ. ನಾಟಕದ ಕರಪತ್ರದಲ್ಲಿ ಬೆಳಕಿನವರ ಹೆಸರಿರುತ್ತದೆ, ಮೇಕಪ್‌ನವರದಿರುತ್ತದೆ, ಮಧ್ಯಂತರದಲ್ಲಿ ಕಾಫಿ ಕೊಡುವವರದೂ ಇರುತ್ತದೆ. ಪರದೆಯವರ ಹೆಸರೂ ಹಾಕಬೇಕೆಂದು ಇಷ್ಟು ವರ್ಷ ಯಾರಿಗೂ ಹೊಳೆದಿಲ್ಲ. ಅವರೂ ಕೇಳಿದವರಲ್ಲ.

ಪರದೆ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಹಳೇ ಮೈಸೂರು ಸೀಮೆಯಲ್ಲಿ ಊರೂರು ಸುತ್ತುತ್ತಿದ್ದ ನಾಟಕ ಕಂಪನಿಯೊಂದರಲ್ಲಿ ಪರದೆಯ ಆಳು. ಹೆಣ್ಣುಮಗು ಬಣ್ಣ ಹಚ್ಚುವುದು ಬೇಡ ಎಂದು ಮನೆಯವರು ಕಟ್ಟುನಿಟ್ಟು ಮಾಡಿದ್ದರು. ಹಗ್ಗದ ಬುಡದಲ್ಲಿ ಕೂತಿರುವುದಕ್ಕೆ ಯಾರ ತಕರಾರೂ ಇರಲಿಲ್ಲ. ಆ ಕಂಪನಿಯಲ್ಲಿ ಒಂದೇ ಕಾನೂನು. ಜನ 'ಒನ್ಸ್ ಮೋರ್' ಎಂದರೆ ಪರದೆ ತೆರೆಯಲೇಬೇಕು. ಆಗಷ್ಟೇ ಸತ್ತ ರಾಜನೂ ಎದ್ದು ಕೂತು, ಇನ್ನೊಂದು ಸಲ ಹಾಡಿ, ಇನ್ನೊಂದು ಸಲ ಸಾಯಬೇಕು.

"ಹಾಡು ಮುಗಿಯೋದು ಹಾಡೋರಿಂದ ಅಲ್ಲ ಕಣೇ, ಕೇಳೋರಿಂದ ಅಂತಿದ್ರು ಅಪ್ಪ," ಎನ್ನುತ್ತಾರೆ ಜಲಜಾ. "ನಾನು ಮದುವೆಯಾಗಿ ಇಲ್ಲಿಗೆ ಬಂದೆ. ಯಜಮಾನರಿಗೆ ಶಿಪ್‌ಯಾರ್ಡ್ ಸ್ಟೋರ್ಸ್‌ನಲ್ಲಿ ಕೆಲಸ. ಇಲ್ಲಿನ ಕನ್ನಡ ಸಂಘದ ಮೊದಲ್ನೇ ನಾಟಕದಲ್ಲಿ ಪರದೆ ಅರ್ಧಕ್ಕೆ ಸಿಕ್ಕಾಕ್ಕೊಂಡ್ಬಿಡ್ತು. ನೋಡಕ್ಕಾಗ್ದೆ ಎದ್ದು ಹೋಗಿ ಎಳೆದೆ. ಅವತ್ತಿಂದ ಬಿಟ್ಟಿಲ್ಲ."

ಇವತ್ತಿನ ಪ್ರಯೋಗಕ್ಕೆ ಊರೆಲ್ಲ ಕಾದಿದೆ. ಎರಡು ವರ್ಷದ ಹಿಂದೆ, 2005ರಲ್ಲಿ, ಇಲ್ಲಿನ ಎಂಜಿನಿಯರ್ ದ್ವಾರಕನಾಥ್ ಬರೆದ 'ಉಪ್ಪಿಟ್ಟು ಸ್ವಯಂವರ' ಎಂಬ ಸಂಗೀತ ನಾಟಕ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿತ್ತು. ಹೆಣ್ಣು ನೋಡಲು ಬಂದ ಗಂಡು ಉಪ್ಪಿಟ್ಟಿನ ರುಚಿಗೆ ಸೋಲುವ ಕಥೆ. ಅದರ ಹಾಡುಗಳನ್ನು ಜನ ಎಂಆರ್‌ಟಿ ರೈಲಿನಲ್ಲೂ ಗುನುಗಿಕೊಂಡು ಓಡಾಡಿದರು. ಈಗ ಅದರ ಮುಂದಿನ ಭಾಗ, 'ಎರಡನೇ ಪಂಕ್ತಿ'. ಅದೇ ಗಂಡ ಹೆಂಡತಿ, ಮದುವೆಯಾಗಿ ಹತ್ತು ವರ್ಷವಾಗಿದೆ. ಸಿಂಗಪುರದ ಫ್ಲ್ಯಾಟ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಪುರುಸೊತ್ತಿಲ್ಲ. ಶನಿವಾರ ಒಂದು ಪ್ರಯೋಗ, ಭಾನುವಾರ ಇನ್ನೊಂದು.

ಜಲಜಾ ಅವರಿಗೆ ಇದು ಪರೀಕ್ಷೆಯೂ ಹೌದು. ವರ್ಷದಿಂದೀಚೆಗೆ ಅವರ ಬಲಗಿವಿ ಮಂದವಾಗಿದೆ. ಹಗ್ಗದ ಹತ್ತಿರ ನಿಂತರೆ ಪ್ರೇಕ್ಷಕರು ಬರುವುದು ಅದೇ ಬಲಕ್ಕೆ. ಚೋವಾ ಚು ಕಾಂಗ್‌ನ ವಾಯ್ಡ್ ಡೆಕ್‌ನಲ್ಲಿ, ಅಂದರೆ ಫ್ಲ್ಯಾಟ್‌ಗಳ ಕೆಳಗಿನ ತೆರೆದ ಜಾಗದಲ್ಲಿ, ತಾಲೀಮು ನಡೆದಾಗ ಎರಡು ಸಲ ಕರೆದರೂ ಅವರಿಗೆ ಕೇಳಲಿಲ್ಲ. ಸಂಘದ ಅಧ್ಯಕ್ಷ ಸೇತುರಾಮ ಒಳ್ಳೆಯ ಮನುಷ್ಯ, ಆದರೆ ಬ್ಯಾಂಕಿನವರು, ಅಚ್ಚುಕಟ್ಟು ಬೇಕು. ಬೆಂಗಳೂರಿನಿಂದ ಹೊಸದಾಗಿ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಅಜಯ್ ಟಾರ್ಚ್ ಹಾಕಿ ಸೂಚನೆ ಕೊಡಬೇಕೆಂದು ಗೊತ್ತುಮಾಡಿದರು.

"ಜಲಜಾ ಅವರೇ, ತಪ್ಪು ತಿಳ್ಕೋಬೇಡಿ. ಈ ಸಲ ಏನಾದ್ರೂ ಮಿಸ್ ಆದ್ರೆ ನೆಕ್ಸ್ಟ್ ಟೈಮ್ ಹಗ್ಗ ಅಜಯ್ ಹಿಡ್ಕೊಳ್ಲಿ," ಎಂದೂ ಹೇಳಿದರು. ಜಲಜಾ ಆಯ್ತು ಎಂದರು. ಮನೆಗೆ ಹೋಗಿ ಊಟ ಮಾಡಲಿಲ್ಲ.

ಸಂಜೆ ಸಭಾಂಗಣ ತುಂಬುತ್ತದೆ. ಮುಂದಿನ ಸಾಲುಗಳಲ್ಲಿ ರೇಷ್ಮೆ ಸೀರೆಯ ಹಳೇ ಮೈಸೂರಿನವರು, ಹಿಂದೆ ಜೀನ್ಸ್ ತೊಟ್ಟ ಐಟಿ ದಂಪತಿಗಳು, ಎಲ್ಲೆಲ್ಲೂ ಮಕ್ಕಳು. ಮೊದಲ ದೃಶ್ಯಕ್ಕೆ ಜೋರು ನಗು. ಎರಡನೆಯದಕ್ಕೆ ಅರ್ಧ ನಗು. ಮೂರನೆಯ ದೃಶ್ಯ ಬರುವಷ್ಟರಲ್ಲಿ ಕುರ್ಚಿಗಳು ಕಿರುಗುಟ್ಟತೊಡಗುತ್ತವೆ. ಮಧ್ಯಂತರದ ಕಾಫಿ ಸಾಲಿನಲ್ಲಿ ನಿಂತ ಜಲಜಾ ಎಡಗಿವಿಯನ್ನು ಜನರ ಕಡೆಗೆ ತಿರುಗಿಸಿಕೊಂಡಿದ್ದಾರೆ.

"ಆ ಹಳೇ ಉಪ್ಪಿಟ್ಟಿನ ಹಾಡು ಬರಲ್ವಾ?"

"ಫಸ್ಟ್ ಪಾರ್ಟೇ ಚೆನ್ನಾಗಿತ್ತಪ್ಪ."

"ಇದು ನಮ್ಮನೆ ಕಥೆ ಕಣ್ರೀ. ಇದನ್ನ ನೋಡಕ್ಕೆ ಟಿಕೆಟ್ ಬೇರೆ ಬುಕ್ ಮಾಡ್ಬೇಕಿತ್ತಾ?"

ಒಳಗೆ ದ್ವಾರಕನಾಥ್ ಇಂಗು ತಿಂದ ಮಂಗನಂತೆ ಕೂತಿದ್ದಾರೆ. ನಾಳೆ ಹಳೆಯ ನಾಟಕವನ್ನೇ ಆಡಿಬಿಡೋಣವೇ ಎಂದು ಸೇತುರಾಮ ಎಲ್ಲರನ್ನೂ ಕೇಳುತ್ತಿದ್ದಾರೆ. ಜಲಜಾ ಅವರ ಚಿಂತೆ ಒಂದೇ, ಟಾರ್ಚ್ ಹೊಳೆದ ಗಳಿಗೆಗೆ ಸರಿಯಾಗಿ ಕೈ ನಡೆಯಬೇಕು. ಈ ಹಗ್ಗ ಹೋದರೆ ವಾರವೆಲ್ಲ ಬರೀ ಬೀನ್ಸ್ ಹೆಚ್ಚುವುದೇ ಉಳಿಯುವುದು.

ಕೊನೆಯ ದೃಶ್ಯ. ಹೆಂಡತಿಯ ಪಾತ್ರದ ಮೈಥಿಲಿ ಊಟದ ಮೇಜಿನ ಮುಂದೆ ಕೂತು ಮೆಲುದನಿಯಲ್ಲಿ ಹಾಡುತ್ತಾರೆ. ಇಷ್ಟು ವರ್ಷ ಎಲ್ಲರಿಗೂ ಬಡಿಸಿ ಎರಡನೇ ಪಂಕ್ತಿಯಲ್ಲಿ ಒಬ್ಬಳೇ ಉಂಡವಳ ಹಾಡು. ಗಂಡನ ಪಾತ್ರದ ವಿಶ್ವಜಿತ್ ಎದ್ದು ಬಂದು ಅವಳ ತಟ್ಟೆಗೆ ಉಪ್ಪಿಟ್ಟು ಬಡಿಸಿ ಪಕ್ಕದಲ್ಲಿ ಕೂರುತ್ತಾನೆ. ಟಾರ್ಚ್ ಹೊಳೆಯುತ್ತದೆ. ಜಲಜಾ ಎಳೆಯುತ್ತಾರೆ. ಪರದೆ ಸದ್ದಿಲ್ಲದೆ ಬಂದು ಕೂಡಿಕೊಳ್ಳುತ್ತದೆ.

ಆಚೆ ಕಡೆ ಚಪ್ಪಾಳೆ ಇಲ್ಲ. ಒಂದೂ ಇಲ್ಲ. ಸೇತುರಾಮ ತಲೆಯ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಒಂದು ಮಗುವಿನ ದನಿ ಬರುತ್ತದೆ. ಏನೋ 'ಮೋರ್' ಎಂದದ್ದು ಜಲಜಾ ಕಿವಿಗೆ ಬೀಳುತ್ತದೆ. ಮುಂದಿನದು ಅವರು ಯೋಚಿಸಿ ಮಾಡಿದ್ದಲ್ಲ. ಅಪ್ಪನ ಕಾಲದ ಕೈ, ತಾನಾಗಿ ಹಗ್ಗ ಜಗ್ಗಿತು.

ಪರದೆ ತೆರೆದಾಗ ವಿಶ್ವಜಿತ್ ಅಂಟಿಸಿದ್ದ ಮೀಸೆಯ ಒಂದು ಬದಿ ಕಿತ್ತಾಗಿದೆ, ಇನ್ನೊಂದು ಬದಿ ನೇತಾಡುತ್ತಿದೆ. ಬೆಳಗ್ಗಿನಿಂದ ಹಸಿದಿದ್ದ ಮೈಥಿಲಿ ತಟ್ಟೆಯ ಉಪ್ಪಿಟ್ಟನ್ನು ನಿಜಕ್ಕೂ ತಿನ್ನುತ್ತಿದ್ದಾರೆ, ಬಾಯಿ ತುಂಬ. ಇಡೀ ಸಭಾಂಗಣ ಒಮ್ಮೆಗೇ ನಕ್ಕುಬಿಡುತ್ತದೆ. ನಗು ಚಪ್ಪಾಳೆಯಾಗುತ್ತದೆ, ಚಪ್ಪಾಳೆ ನಿಲ್ಲುವುದಿಲ್ಲ. ಹಾರ್ಮೋನಿಯಂ ಪ್ರಹ್ಲಾದ ಏನಾಯಿತೆಂದು ಕೇಳುವ ಗೋಜಿಗೆ ಹೋಗದೆ ಮತ್ತೆ ಶ್ರುತಿ ಹಿಡಿಯುತ್ತಾರೆ. ಮೈಥಿಲಿ ತುತ್ತು ನುಂಗಿ ಅದೇ ಹಾಡನ್ನು ಮೊದಲಿನಿಂದ ಎತ್ತಿಕೊಳ್ಳುತ್ತಾರೆ. ಎರಡನೇ ಸಲ ಪಲ್ಲವಿ ಬಂದಾಗ ರೇಷ್ಮೆ ಸೀರೆಗಳೂ ಜೀನ್ಸ್‌ಗಳೂ ಜೊತೆಗೆ ಹಾಡುತ್ತಿವೆ.

ಪರದೆ ಮತ್ತೆ ಬಿದ್ದ ಮೇಲೆ ಸೇತುರಾಮ ಓಡಿ ಬರುತ್ತಾರೆ. "ಏನ್ ಟೈಮಿಂಗ್ ಜಲಜಾ ಅವರೇ! ಹೇಗೆ ಗೊತ್ತಾಯ್ತು ನಿಮಗೆ?"

"ನಂಗೇನು ಗೊತ್ತು? ಒನ್ಸ್ ಮೋರ್ ಅಂದ್ರಲ್ಲ, ಅದಕ್ಕೆ ತೆಗೆದೆ."

ಅಜಯ್ ತಡವರಿಸುತ್ತಾನೆ. "ಯಾರೂ ಒನ್ಸ್ ಮೋರ್ ಅನ್ಲಿಲ್ಲ ಆಂಟಿ. ಆ ಮಗು ಅವರಮ್ಮನ್ನ 'ನೋ ಮೋರ್ ಆ?' ಅಂತ ಕೇಳ್ತು."

ಇಲ್ಲಿನ ಮಕ್ಕಳು ಡಬ್ಬಿಯಲ್ಲಿ ಬಿಸ್ಕತ್ತು ಖಾಲಿಯಾದಾಗ ಕೇಳುವ ಮಾತು ಅದು. ಇಷ್ಟೇನಾ, ಮುಗೀತಾ, ಎಂದು. ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಜಲಜಾ ನಗುವುದಿಲ್ಲ. ಸುಮ್ಮನಿದ್ದಿದ್ದರೆ ಹೊಗಳಿಕೆ ಅವರ ಪಾಲಿಗೇ ಉಳಿಯುತ್ತಿತ್ತು. ಆದರೆ ಹಗ್ಗವನ್ನು ಕೈಯಿಂದ ಬಿಡಿಸಿ ಅಜಯ್ ಕಡೆಗೆ ಚಾಚುತ್ತಾರೆ.

"ಕಿವಿ ಕೈಕೊಟ್ಟಿದೆ ಸೇತುರಾಮ್ ಅವರೇ. ನೀವು ಹೇಳಿದ್ದು ಸರಿ. ನಾಳೆಯಿಂದ ಇವನೇ ಎಳೀಲಿ."

ಅಜಯ್ ಹಗ್ಗ ಮುಟ್ಟದೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಾನೆ.

"ನಂಗೆ ಬೇಡ ಆಂಟಿ. ನಾನು ಎಳೆದಿದ್ರೆ ಟಾರ್ಚ್ ಆಫ್ ಮಾಡಿ ಪ್ಯಾಕ್ ಅಪ್ ಮಾಡ್ತಿದ್ದೆ. ಫ್ಲಾಪ್ ಆಯ್ತು ಅಂತ ಮನೆಗೆ ಹೋಗ್ತಿದ್ವಿ. ನಾಳೆ ನಿಮ್ಮ ಬಲಗಡೆ ನಿಂತ್ಕೋತೀನಿ, ಕೇಳಿಸಿದ್ದು ಹೇಳ್ತೀನಿ. ಎಳೆಯೋದು ನೀವೇ."

ಸೇತುರಾಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ನಾಳೆನೂ ಎರಡನೇ ಪಂಕ್ತಿನೇ," ಎನ್ನುತ್ತಾರೆ. "ಹಗ್ಗಕ್ಕೆ ಜಲಜಾ ಅವರೇ."

ಭಾನುವಾರ ಸುದ್ದಿ ಹಬ್ಬಿ, ಶನಿವಾರ ನೋಡಿದವರೇ ಕೆಲವರು ಮತ್ತೆ ಬರುತ್ತಾರೆ. ಇದು ನಮ್ಮನೆ ಕಥೆ ಎಂದು ಗೊಣಗಿದ್ದ ಮಹನೀಯರು ಈ ಸಲ ಹೆಂಡತಿಗೆ ಕಾಫಿ ತಂದುಕೊಡುತ್ತಾರೆ. ಕೊನೆಯ ಹಾಡಿಗೆ ಹಿಂದಿನ ಸಾಲಿನಿಂದ 'ಒನ್ಸ್ ಮೋರ್' ಏಳುತ್ತದೆ, ಈ ಸಲ ನಿಜವಾದದ್ದು. ಅಜಯ್ ತಲೆಯಾಡಿಸುತ್ತಾನೆ. ಜಲಜಾ ತೆರೆಯುತ್ತಾರೆ.

ಸೋಮವಾರ ಬೂನ್ ಲೇಯ ಶಿಶುವಿಹಾರದ ಅಡುಗೆಮನೆಯಲ್ಲಿ ಅನ್ನ ಕುದಿಯುತ್ತಿದೆ, ಜಲಜಾ ಬೀನ್ಸ್ ಹೆಚ್ಚುತ್ತಿದ್ದಾರೆ. ಮುಂದಿನ ವಾರ ಕಿವಿ ಡಾಕ್ಟರ ಬಳಿ ಹೋಗುತ್ತಾರಂತೆ. ಇಷ್ಟು ದಿನ ಮುಚ್ಚಿಟ್ಟದ್ದು ಸಾಕು, ಮಷೀನು ಹಾಕುವುದಾದರೆ ಹಾಕಲಿ ಎನ್ನುತ್ತಾರೆ. ಇನ್ನು ಮುಂದೆ ಚಪ್ಪಾಳೆ ಚೆನ್ನಾಗಿ ಕೇಳಿಸುತ್ತದೆ ಎಂದರೆ ಚಾಕು ನಿಲ್ಲಿಸಿ ತಲೆ ಅಲ್ಲಾಡಿಸುತ್ತಾರೆ.

"ಚಪ್ಪಾಳೆ ಈಗ್ಲೂ ಕೇಳ್ಸುತ್ತೆ. ಅವತ್ತು ಪರದೆ ಬಿದ್ದಾಗ ಜನ ಸುಮ್ನಿದ್ದದ್ದು ಬೇಜಾರಾಗಿ ಅಲ್ವಂತೆ, ಅಳು ತಡ್ಕೊಂಡು ಕೂತಿದ್ರಂತೆ. ಅಜಯ್ ಆಮೇಲೆ ಬಂದೋರನ್ನ ಕೇಳಿ ಹೇಳ್ದ. ನಂಗೆ ಗೊತ್ತೇ ಆಗ್ಲಿಲ್ಲ ನೋಡಿ. ಕತ್ಲಲ್ಲಿ ಪಕ್ಕದೋರಿಗೂ ತಿಳೀದ ಹಾಗೆ ಮೂಗು ಒರೆಸ್ಕೋತಾರಲ್ಲ, ಅದು ಕೇಳ್ಸ್ಬೇಕು ನಂಗೆ."