ನಾಲ್ಕನೇ ಚೌಕದ ಹಸಿರು ಗೋಡೆ

ಊರ ಮಂದಿಯ ಮನೆ, ಅಂಗಡಿ, ಗೋದಾಮುಗಳಿಗೆಲ್ಲ ಕ್ಯಾಮೆರಾ ಕೂರಿಸುವ ನಾನು ನನ್ನ ಮನೆಗೆ ಮಾತ್ರ ಒಂದನ್ನೂ ಹಾಕಿಲ್ಲ. ಯಾರಾದರೂ ಕೇಳಿದರೆ, “ನಮ್ಮನಿಯೊಳಗ ಕಳವು ಮಾಡುವಂಥದ್ದು ಏನೈತ್ರೀ?” ಎಂದು ನಕ್ಕು ಜಾರಿಕೊಳ್ಳುತ್ತೇನೆ. ನಿಜ ಹೇಳಬೇಕೆಂದರೆ, ಖಾಲಿ ಕೋಣೆಯನ್ನು ಪರದೆಯ ಮೇಲೆ ನೋಡಲು ನನಗೆ ಹೆದರಿಕೆ. ಕೋಣೆಯ ಒಳಗೇ ಕುಳಿತರೆ ಏನೂ ಅನ್ನಿಸುವುದಿಲ್ಲ. ಅದೇ ಕೋಣೆ ಪರದೆಯ ಮೇಲೆ ಬಂದು, ಕುರ್ಚಿ, ಕಿಟಕಿ, ಅರೆ ತೆರೆದ ಬಾಗಿಲು ಎಲ್ಲ ಅಲ್ಲಾಡದೆ ನಿಂತುಬಿಟ್ಟರೆ, ಅದು ಯಾರಿಗೋ ಕಾಯುತ್ತಿದೆ ಅನ್ನಿಸುತ್ತದೆ. ಈ ವಿಷಯ ನನ್ನ ಹೆಂಡತಿಗೆ ಗೊತ್ತು. ಈಗ ನಿಮಗೂ ಗೊತ್ತಾಯಿತು. ಗಿರಾಕಿಗಳಿಗೆ ಗೊತ್ತಾಗುವುದು ಬೇಡ.

ಹಾನಗಲ್ಲಿನ ನನ್ನ ಅಂಗಡಿಯಲ್ಲಿ ಮೊದಲು ಟೀವಿ ರಿಪೇರಿ ನಡೆಯುತ್ತಿತ್ತು. ಬರಬರುತ್ತ ಟೀವಿಗಳು ಕೆಡುವುದನ್ನು ಕಡಿಮೆ ಮಾಡಿದವು. ಕೆಟ್ಟರೂ ಜನ ಹೊಸದನ್ನೇ ತಂದರು. ನಾನು ಏಣಿ ಹತ್ತಲು ಕಲಿತೆ. ಈಗ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ಸ್ಕೂಟರಿನ ಮೇಲೆ ಏಣಿ ಕಟ್ಟಿಕೊಂಡು ಸುತ್ತುತ್ತೇನೆ. ಬರುವ ದೂರುಗಳಲ್ಲಿ ಅರ್ಧದಷ್ಟು ದೆವ್ವದವು. ಹಿರೇಕೆರೂರು ಕಡೆಯ ಮುಖ್ಯೋಪಾಧ್ಯಾಯರೊಬ್ಬರು ಶಾಲೆಯ ವರಾಂಡದಲ್ಲಿ ಬಿಳಿ ಸೀರೆಯೊಂದು ತೇಲಾಡುವುದನ್ನು ಮೊಬೈಲಿನಲ್ಲಿ ತೋರಿಸಿ, ದನಿ ತಗ್ಗಿಸಿ, “ಏನರ ಇರಬಹುದಾ?” ಎಂದು ಕೇಳಿದ್ದರು. ಏಣಿ ಹಾಕಿ ನೋಡಿದರೆ ಜೇಡರ ಬಲೆ. ಕತ್ತಲಾದ ಮೇಲೆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಚೆಲ್ಲುತ್ತದೆ. ಅದಕ್ಕೆ ಹುಳ ಮುತ್ತುತ್ತವೆ, ಹುಳದ ಆಸೆಗೆ ಜೇಡ ಕ್ಯಾಮೆರಾದ ಕಣ್ಣಿನ ಮುಂದೆಯೇ ಬಲೆ ಕಟ್ಟುತ್ತದೆ, ಗಾಳಿಗೆ ಒಂದು ಎಳೆ ಅಲುಗಿದರೆ ಸಾಕು, ಪರದೆಯ ಮೇಲೆ ಆಳೆತ್ತರದ ಹೆಂಗಸು ನಡೆದುಹೋಗುತ್ತಾಳೆ. ಬಲೆ ಒರೆಸಿ ಕೆಳಗಿಳಿದಾಗ ಮುಖ್ಯೋಪಾಧ್ಯಾಯರ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಾಗಿತ್ತು. ಊರಿಗೆಲ್ಲ ಹೇಳಿಬಿಟ್ಟಿದ್ದರೇನೋ.

ಹೊಸ ಮನೆ ಕಟ್ಟುವವರು ಮುಂದೆ ದೊಡ್ಡ ಕಣ್ಣಿನ ದೃಷ್ಟಿಗೊಂಬೆಯನ್ನು ತೂಗುಹಾಕುತ್ತಾರಲ್ಲ, ಈಗ ಅದರ ಪಕ್ಕದಲ್ಲೇ ನನ್ನ ಕ್ಯಾಮೆರಾ ಕೂರುತ್ತದೆ. ಎರಡೂ ಒಂದೇ ವಂಶದವು ಎಂಬುದು ನನ್ನ ಸಂಶೋಧನೆ. ಗೊಂಬೆ ಹೊರಗಿನವರನ್ನು ಮಾತ್ರ ಹೆದರಿಸುತ್ತದೆ. ಕ್ಯಾಮೆರಾ ಒಮ್ಮೊಮ್ಮೆ ಮನೆಯವರನ್ನೇ ಹೆದರಿಸುತ್ತದೆ.

ಸವಣೂರಿನ ಗುರುಶಾಂತಪ್ಪನವರಿಗೆ ಆದದ್ದು ಹಾಗೆಯೇ. ಅವರದು ಭಾಂಡೆ ಅಂಗಡಿ. ಮದುವೆ ಮನೆಯ ಹಿತ್ತಾಳೆ ಕೊಡಗಳಿಂದ ಹಿಡಿದು ಸ್ಟೀಲಿನ ಚಮಚದವರೆಗೆ ಎಲ್ಲ ಸಿಗುತ್ತದೆ. ಅಲ್ಲಿ ನಾಲ್ಕು ಕ್ಯಾಮೆರಾ ಹಾಕಿದವನು ನಾನೇ. ಒಂದು ದಿನ ಬೆಳಿಗ್ಗೆ ಫೋನ್ ಬಂತು.

“ಶೇಖಣ್ಣಾ, ನಾಕನೇ ಕ್ಯಾಮೆರಾದಾಗ ನಮ್ಮ ಹಿಂದಿನ ಖೋಲಿ ಬರವಲ್ದು. ಬ್ಯಾರೆ ಖೋಲಿ ಬರಾಕತ್ತೇತಿ.”

“ಬ್ಯಾರೆ ಅಂದ್ರ?”

“ಹಸರ ಗ್ವಾಡಿ. ಒಂದು ಹೊರಸು. ಹೊರಸಿನ ಮ್ಯಾಲ ಯಾರೋ ಮಲಗ್ಯಾರ. ಮೂರು ದಿನದಿಂದ ಮಲಗೇ ಅದಾರ.”

ನಾನು ಸವಣೂರು ಮುಟ್ಟಿದಾಗ ಮಧ್ಯಾಹ್ನ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗುರುಶಾಂತಪ್ಪನವರೂ ಅವರ ಹೆಂಡತಿ ನೀಲವ್ವನೂ ಗಲ್ಲಾದ ಪಕ್ಕದ ಪರದೆಯ ಮುಂದೆ ಕುಳಿತಿದ್ದರು. ಮೂರು ಚೌಕಗಳಲ್ಲಿ ಅಂಗಡಿಯ ಬಾಗಿಲು, ರಸ್ತೆ, ಮೆಟ್ಟಿಲು ಸರಿಯಾಗಿದ್ದವು. ನಾಲ್ಕನೆಯದರಲ್ಲಿ ಪಾತ್ರೆ ತುಂಬಿದ ಹಿಂದಿನ ಕೋಣೆ ಕಾಣಬೇಕಿತ್ತು. ಕಂಡದ್ದು ಮಾಸಿದ ಹಸಿರು ಗೋಡೆ, ಗೋಡೆಯಲ್ಲಿ ದೀಪ ಇಡುವ ಪುಟ್ಟ ಮಾಡ, ಅದರ ಕೆಳಗೆ ಹೊರಸು. ಅದರ ಮೇಲೆ ಕಂಬಳಿ ಹೊದ್ದು, ಮಗ್ಗುಲಿನ ಬಣ್ಣವಿಲ್ಲದ ಗೋಡೆಗೆ ಮುಖ ಮಾಡಿ ಒಬ್ಬರು ಮಲಗಿದ್ದರು. ಚಿತ್ರದ ಮೂಲೆಯಲ್ಲಿ ಮೂಡಿದ್ದ ಇಸವಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದಿನದು.

ಹೊಸ ಕ್ಯಾಮೆರಾಕ್ಕೆ ತಾರೀಖು ಹೇಳಿಕೊಡದಿದ್ದರೆ ಅದು ಕಾರ್ಖಾನೆಯ ಹಳೆಯ ಇಸವಿಯನ್ನೇ ತೋರಿಸುತ್ತದೆ. ಇದನ್ನು ವಿವರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನೀಲವ್ವ ಮೆಲ್ಲಗೆ ಅಂದಳು:

“ಈ ಖೋಲಿ ನಂದ್ರೀ. ಲಗ್ನಾಗಿ ಬಂದಾಗ ಹಿಂದಿನ ಖೋಲಿಗೆ ಇದೇ ಹಸರ ಬಣ್ಣಿತ್ತು. ಆ ಮಾಡದಾಗ ದಿನಾ ನಾನ ದೀಪಾ ಇಡ್ತಿದ್ದೆ. ಆ ವರ್ಷಾನೂ ಇದ ಇದ್ದೀತು.”

ತಾರೀಖಿನ ವಿವರಣೆಯನ್ನು ನಾನು ಅಲ್ಲಿಗೇ ಬಿಟ್ಟೆ. ಕಾರಣ ಗೊತ್ತಿದ್ದೂ ಮೈ ಜುಮ್ಮೆನ್ನುವುದು ಕಾರಣ ಗೊತ್ತಿಲ್ಲದೆ ಜುಮ್ಮೆನ್ನುವುದಕ್ಕಿಂತ ಕೆಟ್ಟದ್ದು. ಸಮಾಧಾನ ಮಾಡಿಕೊಳ್ಳಲು ಇನ್ನೊಂದು ಕಾರಣ ಹುಡುಕುವ ಹಾಗೂ ಇರುವುದಿಲ್ಲ.

ನಾನೂ ಗುರುಶಾಂತಪ್ಪನವರೂ ಹಿಂದಿನ ಕೋಣೆಗೆ ಹೋದೆವು. ಸುಣ್ಣ ಬಳಿದ ಬಿಳಿ ಗೋಡೆ, ಸೂರಿನವರೆಗೆ ಪಾತ್ರೆ. ನನ್ನ ಕ್ಯಾಮೆರಾ ಅದರ ಜಾಗದಲ್ಲೇ ಇತ್ತು. ಆದರೆ ವೈರನ್ನು ಇಲಿ ಕಡಿದು ಅದು ಸತ್ತು ಎಷ್ಟೋ ದಿನವಾಗಿತ್ತು. ಅಂದರೆ ಸತ್ತ ಕ್ಯಾಮೆರಾದ ಚೌಕದಲ್ಲಿ ಇನ್ಯಾವುದೋ ಚಿತ್ರ. ವೈರಿನ ತುದಿ ಹಿಡಿದು ಯೋಚಿಸುತ್ತ ನಿಂತಿದ್ದಾಗ ಹಿತ್ತಾಳೆ ಕೊಡಗಳು ತಾವಾಗಿಯೇ ನುಡಿದವು. ಮೊದಲು ಒಂದು ಸಣ್ಣ ‘ತಣ್’, ಅದರ ಹಿಂದೆ ಉಳಿದವುಗಳ ಗುಂಯ್‌ಗುಟ್ಟುವಿಕೆ. ನಾವಿಬ್ಬರೂ ಯಾವುದನ್ನೂ ಮುಟ್ಟಿರಲಿಲ್ಲ.

“ಮೂರು ದಿನಾತು, ಹಿಂಗ ಆಗಾಕತ್ತೇತಿ,” ಎಂದರು ಗುರುಶಾಂತಪ್ಪ. “ಇಲಿ ಅಂತ ತಿಳಕೊಂಡಿದ್ದೆ.”

ಆಗ ಗಲ್ಲಾದ ಕಡೆಯಿಂದ ನೀಲವ್ವನ ಕೂಗು: “ಕೈ ಎತ್ತಿದ್ರು! ಗ್ವಾಡಿ ಬಡದ್ರು ನೋಡ್ರಿ!”

ಮತ್ತೆ ಕೊಡಗಳು ನುಡಿದವು. ನಾನು ಮನಸ್ಸಿನಲ್ಲಿ ಒಂದು, ಎರಡು ಎಣಿಸಿದೆ. ನೀಲವ್ವ ಮತ್ತೆ ಕೂಗಿದಳು: “ಈಗ ಇನ್ನೊಮ್ಮೆ!”

ಜಾಲದಲ್ಲಿ ಬರುವ ಚಿತ್ರ ಒಂದೆರಡು ಕ್ಷಣ ತಡವಾಗಿಯೇ ಪರದೆ ಮುಟ್ಟುತ್ತದೆ. ಸದ್ದು ಮೊದಲು, ಕೈ ಆಮೇಲೆ. ಆ ಕೈ ಬಡಿಯುತ್ತಿದ್ದದ್ದು ನನ್ನೆದುರಿನ ಈ ಬಿಳಿ ಗೋಡೆಯನ್ನೇ, ಅದರ ಆಚೆ ಮಗ್ಗುಲಿನಿಂದ.

“ಈ ಗ್ವಾಡಿ ಹಿಂದ ಏನೈತ್ರಿ?” ಎಂದು ಕೇಳಿದೆ. ಬಾಗಿಲಿಗೆ ಬಂದು ನಿಂತಿದ್ದ ನೀಲವ್ವ ಹೇಳಿದಳು.

ಮೊದಲು ಇದು ಒಂದೇ ದೊಡ್ಡ ಕೋಣೆ. ಆರು ವರ್ಷದ ಹಿಂದೆ ಮಾವ ತೀರಿಕೊಂಡಾಗ ಗುರುಶಾಂತಪ್ಪ ಪಾತ್ರೆ ಖರೀದಿಗೆಂದು ದೂರದ ಊರಿಗೆ ಹೋಗಿದ್ದರು. ಅಣ್ಣ ಚನ್ನಬಸಪ್ಪ ತಮ್ಮನ ದಾರಿ ಕಾಯದೆ ಮಣ್ಣು ಮಾಡಿ ಮುಗಿಸಿಬಿಟ್ಟರು. ಅಪ್ಪನ ಮುಖ ನೋಡಲು ಸಿಗದ ಸಿಟ್ಟಿಗೆ ಗುರುಶಾಂತಪ್ಪ ಕೋಣೆಯ ನಡುವೆ ಗೋಡೆ ಎಬ್ಬಿಸಿದರು. ಅಣ್ಣನ ಪಾಲಿನ ಬಾಗಿಲು ಹಿಂದಿನ ಓಣಿಗೆ. ಅವರು ಅದಕ್ಕೆ ಬೀಗ ಹಾಕಿ ಮಗಳ ಮನೆಗೆ ಹೋದವರು ತಿರುಗಿ ಬಂದಿರಲಿಲ್ಲ. ಈ ಅಂಗಡಿಯಲ್ಲಿ ಅವರ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

“ಭಾವಾರ ಅವರು,” ಎಂದಳು ನೀಲವ್ವ. “ನನಗ ನಿನ್ನೆನ ಗುಮಾನಿ ಬಂದಿತ್ತು. ಮುಂಜಾನೆ ಹಿಂದಿನ ಓಣಿಗೆ ಹೋಗಿ ನೋಡಿ ಬಂದೇನಿ. ಬಾಗಲಕ್ಕ ಹೊರಗಿಂದ ಹೊಸಾ ಕೀಲಿ ಹಾಕೇತಿ.”

“ಹೇಳಬೇಕಿಲ್ಲ ಮತ್ತ?” ಎಂದರು ಗುರುಶಾಂತಪ್ಪ.

“ಹೇಳಿದ್ರ ನೀವು ಆ ಕ್ಯಾಮೆರಾನ ಕಿತ್ತಿ ಒಗಿತಿದ್ರಿ.”

ಗುರುಶಾಂತಪ್ಪ ಗಲ್ಲಾಕ್ಕೆ ನಡೆದು ಪರದೆಯ ಮುಂದೆ ನಿಂತರು. ನಾನೂ ಹಿಂದೆಯೇ ಹೋದೆ. ಅವರು ಆ ಬೆನ್ನನ್ನೇ ನೋಡುತ್ತಿದ್ದರು. ಮೂರು ದಿನ ಕಣ್ಣೆದುರಿಗಿದ್ದ ಬೆನ್ನು, ಒಡಹುಟ್ಟಿದವನದು, ಗುರುತು ಸಿಕ್ಕಿರಲಿಲ್ಲ. ಆ ಹೊತ್ತಿಗೇ ಹೊರಸಿನ ಮೇಲಿನ ದೇಹ ಗೋಡೆಯ ಕಡೆ ಕೈ ಚಾಚಿತು, ಕಂಬಳಿಯ ಸಮೇತ ಜಾರಿತು, ಹೊರಸಿಗೂ ಗೋಡೆಗೂ ನಡುವೆ ಕೆಳಗೆ ಬಿತ್ತು. ಪರದೆಯಲ್ಲಿ ಸದ್ದಿಲ್ಲ. ಹಿಂದಿನ ಕೋಣೆಯಲ್ಲಿ ಕೊಡಗಳು ಆಗಲೇ ನುಡಿದು ಸುಮ್ಮನಾಗಿದ್ದವು.

“ಅಣ್ಣಾ!” ಎಂದರು ಗುರುಶಾಂತಪ್ಪ, ಪರದೆಗೆ. ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಡ್ರಿಲ್ ಎಲ್ಲೈತಿ?” ಎಂದರು.

ಹಿಂದಿನ ಓಣಿಯ ಬಾಗಿಲು ಸಾಗವಾನಿಯದು, ಒಡೆಯುವುದು ಸುಲಭವಿರಲಿಲ್ಲ. ಈ ಗೋಡೆಯೋ ಸಿಟ್ಟಿನಲ್ಲಿ ಕಟ್ಟಿಸಿದ್ದು, ಒಂದೇ ಇಟ್ಟಿಗೆಯ ದಪ್ಪ. ಪಾತ್ರೆ ಸರಿಸಿ ನಾನು ತೂತು ಕೊರೆಯುತ್ತ ಹೋದೆ, ಅವರು ಹಾರೆ ಹಾಕಿ ಮೀಟಿದರು. ನೀಲವ್ವ ಪರದೆಯ ಮುಂದೆ ಕುಳಿತು ಕೂಗಿ ಹೇಳುತ್ತಿದ್ದಳು:

“ಅಲ್ಲಿ ಬ್ಯಾಡ್ರಿ, ಅಲ್ಲೇ ತಲಿ ಐತಿ! ಬಲಕ್ಕ ಸರೀರಿ! ಇನ್ನೂ ಬಲಕ್ಕ!... ಹಾಂ, ಅಲ್ಲಿ ಯಾರೂ ಇಲ್ಲ. ಒಡೀರಿ!”

ಇಷ್ಟು ವರ್ಷದಲ್ಲಿ ನಾನು ಹಾಕಿದ ಕ್ಯಾಮೆರಾಗಳು ಕಳ್ಳರ ಬೆನ್ನನ್ನು, ನಾಯಿಗಳನ್ನು, ಜೇಡಗಳನ್ನು ಹಿಡಿದಿವೆ. ಗೋಡೆಯಾಚೆ ಬಿದ್ದ ಮನುಷ್ಯನ ಮೇಲೆ ಇಟ್ಟಿಗೆ ಬೀಳದಂತೆ ಕಾಯ್ದದ್ದು ಆ ಒಂದೇ ಸಲ. ಅದೂ ನಾನು ಹಾಕದ ಕ್ಯಾಮೆರಾ.

ಮೊದಲ ಇಟ್ಟಿಗೆ ಆಚೆಗೆ ಬಿದ್ದಾಗ ಆ ತೂತಿನಿಂದ ಮುಚ್ಚಿಟ್ಟ ಮನೆಯ ತಣ್ಣನೆಯ ಗಾಳಿ ನಮ್ಮ ಮುಖಕ್ಕೆ ಬಡಿಯಿತು. ತೂತು ಮನುಷ್ಯ ನುಸುಳುವಷ್ಟು ದೊಡ್ಡದಾದೊಡನೆ ಗುರುಶಾಂತಪ್ಪ ಒಳಗೆ ಹೋದರು. ಹಿಂದೆ ನಾನು. ಚನ್ನಬಸಪ್ಪನವರಿಗೆ ಎಚ್ಚರವಿತ್ತು, ಆದರೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಪಕ್ಕದಲ್ಲಿ ಬೆಳಗಿನ ರೊಟ್ಟಿ, ಪಲ್ಯ ಮುಟ್ಟದೆ ಉಳಿದಿದ್ದವು. ಗುರುಶಾಂತಪ್ಪ ಅಣ್ಣನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

ಆಗ ನಮ್ಮ ತಲೆಯ ಮೇಲಿಂದ, ಯಾರೂ ಇಲ್ಲದ ಮೂಲೆಯಿಂದ, ಹೆಣ್ಣು ದನಿಯೊಂದು ಕೇಳಿಸಿತು:

“ಯಾರದು? ಯಾರು ನೀವು? ನಮ್ಮಪ್ಪನ್ನ ಮುಟ್ಟಬ್ಯಾಡ್ರಿ!”

ನನ್ನ ಕೈಯಲ್ಲಿದ್ದ ಡ್ರಿಲ್ ಕೆಳಗೆ ಬಿತ್ತು. ಕ್ಯಾಮೆರಾ ಮಾತಾಡುತ್ತದೆಂದು ಗಿರಾಕಿಗಳಿಗೆ ಹೇಳಿ ಮಾರುವವನೇ ನಾನು. ಆದರೂ ಆ ಕ್ಷಣ ಅದು ನೆನಪಿಗೆ ಬರಲಿಲ್ಲ.

ಗುರುಶಾಂತಪ್ಪ ಮುಖವೆತ್ತಿ, ಕಪಾಟಿನ ಮೇಲಿದ್ದ ಆ ಪುಟ್ಟ ಕಣ್ಣನ್ನು ನೋಡಿದರು. ಮುಖದ ತುಂಬ ಇಟ್ಟಿಗೆಯ ಧೂಳು.

“ನಾನವ್ವಾ ಶಾರದಾ. ನಿಮ್ಮ ಕಾಕಾ.”

ಕ್ಯಾಮೆರಾ ಅಳತೊಡಗಿತು. ಅಳುತ್ತಲೇ, “ಸಕ್ಕರಿ ಕಡಿಮಿ ಆಗಿರಬೇಕು ಕಾಕಾ, ಬೆಲ್ಲಾ ಕೊಡ್ರಿ, ಲಗೂನ ಕೊಡ್ರಿ,” ಎಂದಿತು. ಅಷ್ಟರಲ್ಲಿ ನೀಲವ್ವ ಬೆಲ್ಲದ ನೀರು ಹಿಡಿದು ಗೋಡೆಯ ತೂತಿನಲ್ಲಿ ನುಸುಳಿ ಬಂದಿದ್ದಳು.

ಉಳಿದದ್ದನ್ನು ಶಾರದಾಳೇ ಸಂಜೆ ಆಸ್ಪತ್ರೆಯಲ್ಲಿ ಹೇಳಿದಳು. ಅವಳು ಶಿಕ್ಷಕಿ. ಹುಲಗೂರಿನ ಶಾಲೆಗೆ ವರ್ಗವಾಗಿ, ಅಪ್ಪನ ಜೊತೆ ಆ ಹಸಿರು ಕೋಣೆಗೆ ಬಂದು ಹತ್ತು ದಿನವಾಗಿತ್ತು. ಅಪ್ಪನಿಗೆ ಸೊಂಟ ಹಿಡಿದು ಏಳಲಾಗುತ್ತಿರಲಿಲ್ಲ, ಸಕ್ಕರೆ ಕಾಯಿಲೆ ಬೇರೆ. ‘ತಮ್ಮನಿಗೆ ಗೊತ್ತಾಗಬಾರದು’ ಎಂದು ಮಗಳಿಂದ ಆಣೆ ಹಾಕಿಸಿಕೊಂಡಿದ್ದರು; ಅವಳಿಲ್ಲದಾಗ ತಮ್ಮನ ಗೋಡೆ ಬಡಿದವರೂ ಅವರೇ. ಅವಳ ರಜೆ ಮುಗಿದಾಗ ಒಂದು ಕ್ಯಾಮೆರಾ ತರಿಸಿ ತಾನೇ ಜೋಡಿಸಿದಳು. ಆಗ ಅವಳ ಹಳೆಯ ಮೊಬೈಲಿನಲ್ಲಿ ಅಂಗಡಿಯ ವೈಫೈ ತಾನಾಗಿ ತೆರೆದುಕೊಂಡಿತು. ಮನೆ ಒಂದೇ ಆಗಿದ್ದಾಗಿನ ಗುರುತನ್ನು ಮೊಬೈಲ್ ಮರೆತಿರಲಿಲ್ಲ. ಶಾಲೆಗೆ ಹೊರಡುವಾಗ ಮಾತ್ರ ಕ್ಯಾಮೆರಾ ಹಚ್ಚಿ, ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದಳು. ‘ಕಾಕಾರ ವೈಫೈ, ಕೇಳದ ಉಪಯೋಗ ಮಾಡಬಾರದು ಅಂತ ಗೊತ್ತಿತ್ತು, ಆದ್ರ ಅಪ್ಪ ಕಾಣ್ತಿದ್ದಾ,’ ಎಂದಳು.

ಇನ್ನುಳಿದ ತಪ್ಪು ನನ್ನದು. ಜಾಲದಲ್ಲಿ ಪ್ರತಿ ಕ್ಯಾಮೆರಾಕ್ಕೂ ಮನೆ ನಂಬರಿನಂತೆ ಒಂದು ನಂಬರು ಇರುತ್ತದೆ. ನಾನು ಅದನ್ನು ನನ್ನ ಕ್ಯಾಮೆರಾದ ಹೆಸರಿಗೇ ಕಾದಿರಿಸಿಡಬೇಕಿತ್ತು, ಇಟ್ಟಿರಲಿಲ್ಲ. ನನ್ನದು ಸತ್ತಾಗ ಖಾಲಿಯಾದ ನಂಬರಿಗೆ ಅವಳದು ಬಂದು ಕೂತಿತು. ಎರಡೂ ಒಂದೇ ಜಾತಿಯವು, ಎರಡಕ್ಕೂ ಕಾರ್ಖಾನೆಯವರು ಕೊಟ್ಟ ಒಂದೇ ಗುಟ್ಟಿನ ಪದ. ಸೋಮಾರಿಯಾದ ನಾನು ಅದನ್ನೂ ಬದಲಿಸಿರಲಿಲ್ಲ. ಹಾಗಾಗಿ ಒಬ್ಬರ ಮಲಗುವ ಕೋಣೆ ಇನ್ನೊಬ್ಬರ ಗಲ್ಲಾಕ್ಕೆ ಬಂತು. ಆ ಸಲ ಒಳ್ಳೆಯದಾಯಿತೆಂದು ತಪ್ಪು ತಪ್ಪಲ್ಲದೆ ಹೋಗುವುದಿಲ್ಲ. ಮುಂದಿನ ಒಂದು ತಿಂಗಳು ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಮನೆ ಮನೆಗೆ ಹೋಗಿ ಎಲ್ಲವನ್ನೂ ಬದಲಿಸಿ ಬಂದೆ. ಯಾಕೆಂದು ಕೇಳಿದವರಿಗೆ, “ಸುಮ್ನ, ಸರ್ವೀಸ್‌ರೀ,” ಎಂದೆ.

ಹದಿನೈದು ದಿನ ಬಿಟ್ಟು ಸವಣೂರಿಗೆ ಹೋದಾಗ ಗೋಡೆ ಇದ್ದಲ್ಲಿ ಗೋಡೆಯಿರಲಿಲ್ಲ. ಅರ್ಧ ಬಿಳಿ, ಅರ್ಧ ಹಸಿರಿನ ಒಂದೇ ಕೋಣೆ. ನಡುವೆ ಕುರ್ಚಿಯಲ್ಲಿ ಚನ್ನಬಸಪ್ಪ. ನಾನು ಏಣಿ ಹತ್ತಿ, ಹೊಸ ಕ್ಯಾಮೆರಾ ಹಿಡಿದು ಕೇಳಿದೆ, “ಯಾವ ಕಡೆ ತಿರುವಲಿ?”

“ಭಾಂಡೆ ಕಡೆ,” ಎಂದರು ತಮ್ಮ.

“ಬಾಗಲದ ಕಡೆ,” ಎಂದರು ಅಣ್ಣ. “ಕಳ್ಳ ಭಾಂಡ್ಯಾಗಿಂದ ಬರ್ತಾನೇನು?”

“ನಿನಗೇನು ಗೊತ್ತು ಅಂಗಡಿ ವಿಚಾರ?”

“ನಿನಗ ಅಂಗಡಿ ಕಲಿಸಿದಾವ್ರು ಯಾರಲೇ?”

ದನಿ ಏರಿತು. ನೀಲವ್ವ ಬಾಗಿಲಲ್ಲಿ ನಿಂತು ನನಗೆ ಕಣ್ಣಲ್ಲೇ ‘ಸುಮ್ಮನಿರಿ’ ಎಂದಳು. ಆರು ವರ್ಷದ ಮಾತು ಬಾಕಿಯಿತ್ತು; ಎಲ್ಲಿಂದಲಾದರೂ ಶುರುವಾಗಬೇಕಲ್ಲ. ನಾನು ಏಣಿಯ ಮೆಟ್ಟಿಲ ಮೇಲೆಯೇ ಕುಳಿತು, ಅವಳು ಚಾಚಿದ ಚಹಾ ಇಸಿದುಕೊಂಡೆ. ನನಗೂ ಅವಸರವಿರಲಿಲ್ಲ.