ಜನ ಹತ್ತದ ಬಸ್ಸು

ಬ್ರೇಕ್ ಒತ್ತಿದ್ದು ಯಾರಿಗೂ ಗೊತ್ತಾಗದ ಹಾಗೆ ಬಸ್ಸು ನಿಲ್ಲಿಸುತ್ತಿದ್ದರಿಂದ ಡಿಪೋದಲ್ಲಿ ಅವನಿಗೆ ಬ್ರೇಕಣ್ಣ ಎಂದೇ ಹೆಸರು. ಸಿಟಿ ಬಸ್ಸು ಓಡಿಸಿಯೇ ತಲೆ ನರೆತಿತ್ತು. ವರ್ಕ್‌ಶಾಪಿನಲ್ಲಿ ಬಸ್ಸಿನಡಿ ಇಳಿದು ರಿಪೇರಿ ಮಾಡುವ ಗುಂಡಿಗೆ ಜಾರಿ ಬಿದ್ದು ಬೆನ್ನುಮೂಳೆ ಮುರಿದ ಮೇಲೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಮೊದಮೊದಲು ಜೊತೆಯ ಡ್ರೈವರುಗಳು ಬಂದು ಹರಟೆ ಹೊಡೆಯುತ್ತಿದ್ದರು. ಆಮೇಲೆ ಅವರವರ ಪಾಡು ಅವರವರಿಗೆ. ಹೆಂಡತಿ ಬಟ್ಟೆ ಕಾರ್ಖಾನೆಯಿಂದ ಬರುವ ತನಕ ಗೋಡೆ ನೋಡುವುದೊಂದೇ ಅವನ ಕೆಲಸ.

ನೋಡಲಾರದೆ ಬಾಮೈದ ತನ್ನ ಹಳೆಯ ಕಂಪ್ಯೂಟರ್ ತಂದು ಬಸ್ಸು ಓಡಿಸುವ ಆಟ ಹಾಕಿಕೊಟ್ಟ. ವೇಗ, ಬ್ರೇಕು ಎಲ್ಲ ಕೈಯಲ್ಲೇ ಇರುವ ಸ್ಟಿಯರಿಂಗನ್ನೂ ಮೇಜಿಗೆ ಬಿಗಿದ. ಬ್ರೇಕಣ್ಣ ಮತ್ತೆ ನಕ್ಕ. ಆದರೆ ಊರಾಚೆ ಸಲೀಸಾಗಿ ಓಡುವ ಬಸ್ಸು ಪೇಟೆಗೆ ಬಂದರೆ ಕುಂಟುತ್ತಿತ್ತು. ಚಿತ್ರ ತಡೆತಡೆದು ಬರುತ್ತಿತ್ತು. ಬ್ರೇಕ್ ಒತ್ತುವಷ್ಟರಲ್ಲಿ ಯಾರಿಗೋ ಗುದ್ದಿ ಆಗಿರುತ್ತಿತ್ತು. ಆಟವೇ ಆದರೂ ಅವನು ಬಸ್ಸನ್ನು ಬದಿಗೆ ನಿಲ್ಲಿಸಿಬಿಡುತ್ತಿದ್ದ.

ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಿದರೆ ಸರಿಹೋಗುತ್ತದೆಂದು ಯಾರೋ ಹೇಳಿದರು. ಹೆಂಡತಿ ರಜಾದಿನಗಳಲ್ಲೂ ದುಡಿದು ಹೊಸ ಕಾರ್ಡು ತಂದಳು. ಪೇಟೆಯಲ್ಲಿ ಬಸ್ಸು ಮತ್ತೆ ಕುಂಟಿತು.

ರಿಪೇರಿಯವನು ಬಂದು ಪರೀಕ್ಷಿಸಿದ. "ಕಾರ್ಡು ಚಿನ್ನದಂಥದ್ದು ಅಣ್ಣಾ. ಪ್ರೊಸೆಸರ್ ಮುದಿಯಾಗಿದೆ. ಕಾರ್ಡಿನ ಕೆಲಸ ಚಿತ್ರ ಬರೆಯೋದು. ಪೇಟೇಲಿ ಯಾವ ಕಾರು ಎಲ್ಲಿ ತಿರುಗತ್ತೆ, ಯಾರು ರಸ್ತೆ ದಾಟ್ತಾರೆ, ಇದನ್ನೆಲ್ಲ ಲೆಕ್ಕ ಹಾಕೋದು ಪ್ರೊಸೆಸರು. ಅದು ಹೇಳೋ ತನಕ ಕಾರ್ಡು ಕೈಕಟ್ಟಿ ಕೂತಿರತ್ತೆ."

"ಹೊಸ ಪ್ರೊಸೆಸರ್ ಹಾಕು ಮತ್ತೆ."

"ಈ ಬೋರ್ಡಿಗೆ ಕೂರಲ್ಲ. ಬೋರ್ಡು, ಮೆಮೊರಿ ಎಲ್ಲ ಬದಲಾಯಿಸಬೇಕು."

"ಹಾರ್ನ್ ಒಂದು ಬಿಟ್ಟು ಇಡೀ ಬಸ್ಸೇ ಹೊಸದು ಅನ್ನು," ಎಂದ ಬ್ರೇಕಣ್ಣ. ಇಬ್ಬರೂ ನಕ್ಕರು.

"ಸದ್ಯಕ್ಕೆ ಹೀಗೆ ಮಾಡ್ತೀನಿ," ಎಂದು ರಿಪೇರಿಯವನು ಆಟದಲ್ಲಿ ಬೇರೆ ವಾಹನಗಳನ್ನೂ ಜನರನ್ನೂ ಪೂರ್ತಿ ತೆಗೆದುಹಾಕಿದ. ಬಸ್ಸು ಬೆಣ್ಣೆಯಿಂದ ಕೂದಲೆಳೆದಂತೆ ಪೇಟೆಯೊಳಗೆ ನುಸುಳಿತು. ಅಂಗಡಿಗಳ ಗಾಜು ಫಳಫಳ ಹೊಳೆಯುತ್ತಿತ್ತು. ಸ್ಟಾಪಿನಲ್ಲಿ ಬ್ರೇಕಣ್ಣ ನಾಜೂಕಾಗಿ ನಿಲ್ಲಿಸಿ ಬಾಗಿಲು ತೆರೆದ. ಹತ್ತಲು ಯಾರೂ ಇರಲಿಲ್ಲ. ಮುಂದಿನ ಸ್ಟಾಪಿನಲ್ಲೂ ಅಷ್ಟೇ. ಅವನು ಸ್ಟಿಯರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡ.

"ಈಗ ಓಡ್ತಿದೆಯೇನ್ರೀ?" ಸಂಜೆ ಹೆಂಡತಿ ಆಸೆಯಿಂದ ಕೇಳಿದಳು.

"ಜೋರಾಗಿ ಓಡ್ತಿದೆ."

ಅವಳು ಮನೆಯಲ್ಲಿದ್ದಾಗ ಮಾತ್ರ ಆ ಖಾಲಿ ಬಸ್ಸು ಓಡಿಸುತ್ತಿದ್ದ. ಅವಳು ಹೊಸ್ತಿಲು ದಾಟಿದರೆ ಕಂಪ್ಯೂಟರ್ ಆರಿಸಿಬಿಡುತ್ತಿದ್ದ. ಒಮ್ಮೆ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಅವಳು ಬೇಗ ಬಂದಳು. ಕಪ್ಪು ಪರದೆಯೆದುರು ಕೂತಿದ್ದ ಗಂಡನ ಕೆನ್ನೆ ಒದ್ದೆಯಾಗಿತ್ತು.

"ಏನಾಯ್ತು? ಹೇಳಬಾರದೇನ್ರೀ?"

"ಅದರಲ್ಲಿ ಜನಾನೇ ಇಲ್ಲ ಕಣೇ," ಎಂದನಷ್ಟೇ.

ಅವಳು ರಿಪೇರಿಯವನ ಹತ್ತಿರ ಹೋಗಿ ಎಲ್ಲ ವಿಚಾರಿಸಿಕೊಂಡು ಬಂದಳು. ಮರುವಾರದಿಂದ ಸಂಜೆಯೂ ದರ್ಜಿಯೊಬ್ಬನ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ ಹಿಡಿದಳು. "ಸ್ವಲ್ಪ ದಿನ ತಡ್ಕೊಳ್ಳಿ, ಕಂಪ್ಯೂಟರ್ ಪೆಟ್ಟಿಗೆ ಪೂರ್ತಿ ಹೊಸದು ಮಾಡ್ಸೋಣ," ಎಂದು ಅವನ ಮುಂದೆ ತಟ್ಟೆ ಮುಚ್ಚಿಟ್ಟು ಹೊರಟಳು.

ಹೋಗಬೇಡ, ಇಲ್ಲೇ ಕೂತು ಮಾತಾಡು ಎನ್ನಬೇಕೆಂದು ಬಾಯಿ ತೆರೆದ. ಅವಳ ಮುಖದಲ್ಲಿದ್ದ ಹುರುಪು ಕಂಡು, "ಹುಷಾರಾಗಿ ಹೋಗಿ ಬಾ," ಎಂದ. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು. ಆವರೆಗೆ ಹಗಲು ಮಾತ್ರ ಒಬ್ಬನೇ ಇರುತ್ತಿದ್ದವನಿಗೆ ಅಂದಿನಿಂದ ಸಂಜೆಗಳೂ ಹಾಗೆಯೇ ಆದವು.